ಮರ ಕೊಟ್ಟ ಕುಲನಾಮ: ತಾಳಗುಂದದ ಶಾಸನ ಮತ್ತು ವಂಶದ ಪ್ರಶ್ನೆ

ಮನೆತನದ ಹೆಸರು ಅದನ್ನು ಹೊತ್ತ ವ್ಯಕ್ತಿಗಿಂತ ಮೊದಲೇ ಇದ್ದು, ಅವನು ಹೋದ ಮೇಲೂ ಉಳಿಯುವಂಥದು. ಆದ್ದರಿಂದ ಅಂಥ ಹೆಸರಿನ ಮೂಲ ಯಾವುದೆಂದು ಕೇಳುವುದು ಮೇಲ್ನೋಟಕ್ಕೆ ಭಾಷೆಯ ಪ್ರಶ್ನೆಯಾಗಿ ಕಂಡರೂ, ಮನುಷ್ಯನು ಯಾರವನು, ಅವನ ಗುರುತು ಹುಟ್ಟಿನಿಂದ ಬರುತ್ತದೆಯೋ ನಡೆಯಿಂದ ಬರುತ್ತದೆಯೋ ಎಂಬ ಹಳೆಯ ಧರ್ಮಜಿಜ್ಞಾಸೆ ಅದರೊಳಗೆ ಅಡಗಿರುತ್ತದೆ. ಭಾರತೀಯ ಪರಂಪರೆಯು ಈ ಜಿಜ್ಞಾಸೆಗೆ ಹಲವು ಪರಿಭಾಷೆಗಳನ್ನು ಬೆಳೆಸಿಕೊಂಡಿದೆ: ಒಬ್ಬ ಮೂಲಋಷಿಯಿಂದ ಇಳಿದು ಬಂದ ಸಂತಾನವೆಂಬ ನಂಬಿಕೆಯ ಮೇಲೆ ನಿಂತದ್ದು ಗೋತ್ರ, ಆ ಗೋತ್ರದ ಪ್ರಮುಖ ಋಷಿಗಳ ಹೆಸರುಗಳನ್ನು ಸಾಲಾಗಿ ಹೇಳುವುದು ಪ್ರವರ, ಒಂದೇ ಮೂಲದವರೊಳಗೆ ಮದುವೆ ಕೂಡದೆಂದು ನಿರ್ಣಯಿಸುವ ಮಲೆನಾಡು ಮತ್ತು ಕರಾವಳಿಯ ಗುಂಪು ಬಳಿ, ಉತ್ತರ ಕರ್ನಾಟಕದಲ್ಲಿ ಮನೆತನವನ್ನು ಗುರುತಿಸುವ ಮಾತು ಅಡ್ಡಹೆಸರು. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ನೆಲದಲ್ಲಿ ಈ ಪ್ರಶ್ನೆಗೆ ಬೇರೆ ಬೇರೆ ಕಾಲದ ಉತ್ತರಗಳು ಕಲ್ಲಿನಲ್ಲಿ, ಕಾವ್ಯದಲ್ಲಿ, ಜನರ ರೂಢಿಯಲ್ಲಿ ಉಳಿದುಕೊಂಡಿವೆ. ಅವುಗಳಲ್ಲಿ ಅತ್ಯಂತ ಹಳೆಯ ಮತ್ತು ಸ್ಪಷ್ಟವಾದ ಉತ್ತರ ತಾಳಗುಂದದ ಕಂಬದ ಮೇಲಿದೆ.

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿರುವ ಸ್ತಂಭದ ಸಂಸ್ಕೃತ ಪದ್ಯಶಾಸನವು 5ನೇ ಶತಮಾನದ ನಡುಭಾಗಕ್ಕೆ ಸೇರಿದ್ದು, ಕುಬ್ಜನೆಂಬ ಕವಿಯಿಂದ ರಚಿತವಾದದ್ದು. ಕದಂಬ ದೊರೆ ಕಾಕುಸ್ಥವರ್ಮನು ಅಲ್ಲಿನ ಮಹಾದೇವನ ಆಲಯಕ್ಕಾಗಿ ಕಟ್ಟಿಸಿದ ಕೆರೆಯನ್ನು ಹೇಳುವುದು ಅದರ ನೆಪ. ಶಾಸನವನ್ನು ಬರೆಸಿದವನು ಅವನ ಮಗ ಶಾಂತಿವರ್ಮ. ಆದರೆ ಕೆರೆಯ ಮಾತಿಗೆ ಬರುವ ಮೊದಲು ಕವಿಯು ಅರಸುಮನೆತನದ ಕಥೆಯನ್ನು ಮೊದಲಿನಿಂದ ಹೇಳುತ್ತಾನೆ. ಮಾನವ್ಯ ಗೋತ್ರದ, ಹಾರಿತೀಪುತ್ರರೆನಿಸಿದ ಒಂದು ಬ್ರಾಹ್ಮಣ ಕುಲವಿತ್ತು. ವೇದಾಧ್ಯಯನ, ಹೋಮ, ವ್ರತಗಳಲ್ಲಿ ನಿರತವಾಗಿದ್ದ ಆ ಕುಲದವರ ಮನೆಯ ಬಳಿ ಹೂಬಿಟ್ಟು ನಿಂತ ಒಂದು ಕದಂಬದ ಮರವಿತ್ತು. ಅದನ್ನು ಅವರು ಆರೈಕೆ ಮಾಡಿಕೊಂಡು ಬಂದದ್ದರಿಂದ ಮರದ ಹೆಸರೂ ಗುಣವೂ ಅವರಿಗೆ ಹೊಂದಿಕೊಂಡು, ಕಡೆಗೆ ಅದೇ ಅವರನ್ನು ಗುರುತಿಸುವ ವಿಶೇಷಣವಾಯಿತು ಎಂಬುದು ಆ ಪದ್ಯಗಳ ಸಾರ. ಕವಿ ಇಲ್ಲಿ ಬಳಸುವ ಉಪಚಾರವೆಂಬ ಮಾತಿಗೆ ಸೇವೆ, ಶುಶ್ರೂಷೆ, ನೋಡಿಕೊಳ್ಳುವಿಕೆ ಎಂಬ ಅರ್ಥಗಳಿದ್ದು, ಅಲಂಕಾರಶಾಸ್ತ್ರದಲ್ಲಿ ಒಂದು ವಸ್ತುವಿನ ಹೆಸರನ್ನು ಸಂಬಂಧದ ಬಲದಿಂದ ಇನ್ನೊಂದಕ್ಕೆ ಅನ್ವಯಿಸುವ ಗೌಣಪ್ರಯೋಗಕ್ಕೂ ಅದೇ ಹೆಸರಿದೆ. ಮರಕ್ಕೆ ಮಾಡಿದ ಉಪಚಾರವೇ ಹೆಸರಿನ ಉಪಚಾರಕ್ಕೆ ಕಾರಣವಾಯಿತೆಂಬ ಈ ಅರ್ಥಸಾಧ್ಯತೆಯನ್ನು ಶಾಸನದ ಮಾತೇ ತೆರೆದಿಡುತ್ತದೆ.

ಅರಸರ ಪ್ರಶಸ್ತಿಗಳು ಸಾಮಾನ್ಯವಾಗಿ ಸೂರ್ಯನಿಂದಲೋ ಚಂದ್ರನಿಂದಲೋ ವಂಶವನ್ನು ಇಳಿಸುವಾಗ, ಈ ಪ್ರಶಸ್ತಿಯು ಹಿತ್ತಲ ಮರವೊಂದಕ್ಕೆ ನೀರೆರೆದ ಕೈಗಳಿಂದ ಹೆಸರು ಬಂದಿತೆಂದು ಹೇಳುವುದು ಗಮನಾರ್ಹ. ಆ ಕುಲದ ಮಯೂರಶರ್ಮನು ಗುರು ವೀರಶರ್ಮನೊಡನೆ ಪಲ್ಲವರ ಕಾಂಚಿಗೆ ಹೋಗಿ, ಘಟಿಕೆ ಎಂದು ಕರೆಯಲಾಗುತ್ತಿದ್ದ ಉನ್ನತ ವಿದ್ಯಾಸ್ಥಾನವನ್ನು ಸೇರಿದಾಗ ಕುದುರೆಯ ನಿಮಿತ್ತ ಹುಟ್ಟಿದ ಜಗಳದಲ್ಲಿ ಅವಮಾನಗೊಂಡು, ದರ್ಭೆ, ಸಮಿತ್ತು, ಸ್ರುಕ್ಕುಗಳನ್ನು ಹಿಡಿಯಬಲ್ಲ ಕೈಯಿಂದ ಕತ್ತಿಯನ್ನು ಹಿರಿದು, ಶ್ರೀಪರ್ವತದ ಕಾಡನ್ನು ಆಶ್ರಯಿಸಿ, ಬಾಣರಿಂದ ಕಪ್ಪವನ್ನು ಪಡೆದು, ಕೊನೆಗೆ ಪಲ್ಲವರಿಂದಲೇ ಮನ್ನಣೆ ಪಡೆದು ಅರಸನಾದನೆಂದು ಶಾಸನವು ವಿವರಿಸುತ್ತದೆ. ಅವನ ಮಗನ ಹೆಸರು ಕಂಗವರ್ಮ. ಶರ್ಮ ಎಂಬುದು ಬ್ರಾಹ್ಮಣನ ಹೆಸರಿಗೂ ವರ್ಮ ಎಂಬುದು ಕ್ಷತ್ರಿಯನ ಹೆಸರಿಗೂ ಸೇರತಕ್ಕ ಪದವೆಂಬುದು ಧರ್ಮಶಾಸ್ತ್ರದ ವಿಧಿಯಾದ್ದರಿಂದ, ತಂದೆ ಮಗನ ನಡುವೆ ಹೆಸರಿನ ಕೊನೆಯ ಪದವೊಂದು ಬದಲಾದಾಗ ವರ್ಣವೂ ಬದಲಾಯಿತೆಂದೇ ಅರ್ಥ. ಕುಲದ ಹೆಸರು ಆರೈಕೆಯಿಂದ ಬಂದಂತೆ ವರ್ಣದ ಗುರುತು ಕೃತ್ಯದಿಂದ ಬಂದದ್ದನ್ನು ಒಂದೇ ಕಂಬವು ಎರಡು ಕಡೆ ದಾಖಲಿಸಿದೆ.

ಆದರೆ ಮಾನವ್ಯಗೋತ್ರ, ಹಾರಿತೀಪುತ್ರ ಎಂಬ ವಿಶೇಷಣಗಳು ಕದಂಬರ ಸ್ವಂತ ಸೊತ್ತಾಗಿರಲಿಲ್ಲ. ಅದೇ ತಾಲ್ಲೂಕಿನ ಮಳವಳ್ಳಿಯ ಕಂಬದ ಮೇಲೆ ಕದಂಬರಿಗಿಂತ ಮೊದಲು ಬನವಾಸಿಯನ್ನು ಆಳಿದ ಚುಟು ಮನೆತನದ ಶಾತಕರ್ಣಿಯ ಪ್ರಾಕೃತ ಶಾಸನವಿದ್ದು, ಅವನೂ ತನ್ನನ್ನು ಮಾನವ್ಯ ಗೋತ್ರದವನೆಂದೂ ಹಾರಿತಿಯ ಮಗನೆಂದೂ ಹೇಳಿಕೊಳ್ಳುತ್ತಾನೆ; ಅದೇ ಕಂಬದ ಮೇಲೆ ಅನಂತರದ ಕದಂಬ ಶಾಸನವೂ ಇದೆ. ಮುಂದೆ ಬಾದಾಮಿಯ ಚಾಲುಕ್ಯರೂ ಇವೇ ಎರಡು ವಿಶೇಷಣಗಳನ್ನು ತಮ್ಮ ಪ್ರಶಸ್ತಿಗಳಲ್ಲಿ ಇಟ್ಟುಕೊಂಡರು. ಮೂರು ಮನೆತನಗಳು ಒಂದಾದ ಮೇಲೊಂದರಂತೆ ನೆಲವನ್ನು ಪಡೆಯುತ್ತ ಬಂದಾಗ ವಂಶದ ಮಾತೂ ಅದರೊಡನೆ ಕೈದಾಟಿದ ಹಾಗೆ ಇದು ಕಾಣುತ್ತದೆ. ಜಮೀನಿನ ಜೊತೆಗೆ ಅದರ ಕಾಗದಪತ್ರಗಳು ಹೊಸ ಒಡೆಯನ ಪೆಟ್ಟಿಗೆಗೆ ಸೇರುವಂತೆ ಮೂಲಪುರುಷನೂ ಮೂಲಮಾತೆಯೂ ಹೊಸ ದೊರೆಯ ಪಾಲಿಗೆ ಸೇರಿದರೆಂದು ಊಹಿಸಲು ಇಲ್ಲಿ ಅವಕಾಶವಿದೆ.

ಹಾರಿತೀಪುತ್ರ ಎಂಬ ಪದದಲ್ಲಿ ಇನ್ನೊಂದು ವಿಶೇಷವಿದೆ: ಅದು ತಾಯಿಯ ಕಡೆಯಿಂದ ಹೇಳಿದ ಗುರುತು. ಸಾತವಾಹನ ದೊರೆಗಳು ಗೌತಮೀಪುತ್ರ, ವಾಸಿಷ್ಠೀಪುತ್ರ ಎಂದು ಕರೆದುಕೊಂಡದ್ದು ಇದೇ ರೂಢಿಯಿಂದ. ಸೊರಬ ಸೀಮೆಯ ದೀವರಲ್ಲಿ ಬಳಿಯು ತಾಯಿಯಿಂದ ಮಕ್ಕಳಿಗೆ ಬರುವುದುಂಟು; ಒಂದೇ ಬಳಿಯವರು ಒಡಹುಟ್ಟಿದವರಿಗೆ ಸಮಾನವೆಂದು ತಿಳಿದು ಅವರೊಳಗೆ ಸಂಬಂಧ ಬೆಳೆಸುವುದಿಲ್ಲ. ಅದೇ ತಾಲ್ಲೂಕಿನ ಚಂದ್ರಗುತ್ತಿಯ ಗುಹಾಲಯದಲ್ಲಿ ನೆಲೆಸಿದ ರೇಣುಕಾಂಬೆಯ ಕಥೆಯನ್ನು ಈ ಬೆಳಕಿನಲ್ಲಿ ನೋಡಿದರೆ ಒಂದು ವೈಪರೀತ್ಯ ಎದುರಾಗುತ್ತದೆ. ತಂದೆಯ ಮಾತಿಗೆ ಕಟ್ಟುಬಿದ್ದು ತಾಯಿಯ ತಲೆಯನ್ನು ಕಡಿದ ಮಗನನ್ನು ಪುರಾಣಗಳು ಜಾಮದಗ್ನ್ಯನೆಂದೂ ಭಾರ್ಗವನೆಂದೂ ತಂದೆಯ ಪರಂಪರೆಯ ಹೆಸರಿನಿಂದ ಕರೆಯುತ್ತವೆ. ಗುಡ್ಡವನ್ನು ಹತ್ತಿ ಬರುವ ಭಕ್ತರು ಮಾತ್ರ ಹರಕೆ ಹೊರುವುದು ಹೆತ್ತವಳಿಗೆ. ಹೆಸರು ತಂದೆಯ ಪಾಲಾಯಿತು, ಆರಾಧನೆ ತಾಯಿಯ ಪಾಲಾಯಿತು.

ತಾಯಿಯ ಹೆಸರಿಗೂ ಸತ್ಯಕ್ಕೂ ಇರುವ ನಂಟನ್ನು ಛಾಂದೋಗ್ಯೋಪನಿಷತ್ತಿನ ಸತ್ಯಕಾಮನ ಪ್ರಸಂಗ ಇನ್ನೂ ನೇರವಾಗಿ ಎತ್ತುತ್ತದೆ. ಬ್ರಹ್ಮಚರ್ಯಕ್ಕೆ ಹೊರಟ ಹುಡುಗ ತನ್ನ ಗೋತ್ರ ಯಾವುದೆಂದು ತಾಯಿ ಜಬಾಲೆಯನ್ನು ಕೇಳಿದಾಗ, ಅನೇಕ ಕಡೆ ಪರಿಚಾರಿಕೆ ಮಾಡುತ್ತಿದ್ದ ದಿನಗಳಲ್ಲಿ ಅವನು ಹುಟ್ಟಿದನೆಂದೂ ಗೋತ್ರ ತನಗೆ ತಿಳಿಯದೆಂದೂ ಅವಳು ಹೇಳುತ್ತಾಳೆ. ಅವನು ಅದನ್ನೇ ಹಾರಿದ್ರುಮತ ಗೌತಮನ ಮುಂದೆ ಒಪ್ಪಿಸಿದಾಗ, ಸತ್ಯದಿಂದ ಕದಲದವನು ಬ್ರಾಹ್ಮಣನೇ ಎಂದು ತೀರ್ಮಾನಿಸಿದ ಗುರು ಅವನಿಗೆ ಉಪನಯನ ಮಾಡುತ್ತಾನೆ. ಗೋತ್ರ ತಿಳಿಯದವನಿಗೆ ಉಪನಯನ ದೊರೆತದ್ದು ಮುಖ್ಯವೇ ಆದರೂ, ಅವನು ಜೀವನವಿಡೀ ಜಾಬಾಲನೆಂಬ ಹೆಸರಿನಲ್ಲೇ ಉಳಿದದ್ದು ಅದಕ್ಕಿಂತ ಮುಖ್ಯವಾದುದು, ಏಕೆಂದರೆ ಗುರು ಅವನಿಗೆ ತನ್ನ ಗೋತ್ರವನ್ನು ಕೊಟ್ಟು ಕೊರತೆಯನ್ನು ಮುಚ್ಚಲಿಲ್ಲ.

ಕುಲನಾಮದ ಈ ಬಗೆಗಳನ್ನು ಭಾರತದ ಹೊರಗೆ ಇಟ್ಟು ನೋಡಲು ಡೆನ್ಮಾರ್ಕ್, ನಾರ್ವೆ, ಸ್ವೀಡನ್ನುಗಳನ್ನು ಒಳಗೊಂಡ ಸ್ಕ್ಯಾಂಡಿನೇವಿಯಾ ಒಳ್ಳೆಯ ನಿದರ್ಶನ. 1047ರಲ್ಲಿ ಡೆನ್ಮಾರ್ಕಿನ ಅರಸನಾದ ಸ್ವೆನ್ ಎಂಬವನು ಎಸ್ಟ್ರಿಡ್‌ಸೆನ್, ಎಂದರೆ ಎಸ್ಟ್ರಿಡಳ ಮಗ, ಎಂದೇ ಪ್ರಸಿದ್ಧನಾದದ್ದು ರಾಜರಕ್ತದ ಹಕ್ಕು ಅವನಿಗೆ ತಾಯಿಯ ಮೂಲಕ ಬಂದದ್ದರಿಂದ. ಹಾರಿತೀಪುತ್ರನೆಂಬ ಬಿರುದಿನ ನೆನಪು ಇಲ್ಲಿ ಬಾರದಿರದು. ಆದರೆ ಅಲ್ಲಿನ ಸಾಮಾನ್ಯ ಜನರಲ್ಲಿ ನೂರಾರು ವರ್ಷ ಸ್ಥಿರವಾದ ಮನೆತನದ ಹೆಸರೇ ಇರಲಿಲ್ಲ. ಹಾನ್ಸ್ ಎಂಬವನ ಮಗ ಹಾನ್ಸೆನ್ ಆದರೆ, ಆ ಮಗನ ಸ್ವಂತ ಹೆಸರು ಪೀಡರ್ ಆಗಿದ್ದಲ್ಲಿ ಮೊಮ್ಮಗನು ಪೀಡರ್ಸೆನ್ ಆಗುತ್ತಿದ್ದನು. ನಾರ್ವೆಯ ಒಕ್ಕಲು ಮಕ್ಕಳು ತಾವು ದುಡಿಯುವ ಹೊಲಮನೆಯ ಹೆಸರನ್ನು ಸೇರಿಸಿಕೊಂಡು, ಬೇರೆ ಹೊಲಮನೆಗೆ ಹೋದಾಗ ಅದನ್ನು ಬಿಟ್ಟು ಹೊಸದನ್ನು ಹಿಡಿಯುತ್ತಿದ್ದರು. ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತಿದ್ದ ಈ ಹೆಸರುಗಳನ್ನು ಸ್ಥಿರಗೊಳಿಸಿದ್ದು ಸರಕಾರ: ಡೆನ್ಮಾರ್ಕಿನಲ್ಲಿ 1828ರ ರಾಜಾಜ್ಞೆ, ಸ್ವೀಡನ್ನಿನಲ್ಲಿ 1901ರ ನಿಯಮ, ನಾರ್ವೆಯಲ್ಲಿ 1923ರ ಕಾನೂನು. ಐಸ್‌ಲ್ಯಾಂಡ್ ಮಾತ್ರ ಹಳೆಯ ಪದ್ಧತಿಯನ್ನೇ ಉಳಿಸಿಕೊಂಡು, ಹೊಸ ಮನೆತನದ ಹೆಸರುಗಳನ್ನು 1925ರಲ್ಲಿ ನಿಷೇಧಿಸಿತು. ಹೀಗಾಗಿ ಇಂದು ಹಾನ್ಸೆನ್ ಎಂಬ ಹೆಸರಿನವನ ತಂದೆ ಹಾನ್ಸ್ ಆಗಿರಬೇಕಾಗಿಲ್ಲ. ಎಂದೋ ಒಬ್ಬ ಹಾನ್ಸ್‌ನ ಕಾಲದಲ್ಲಿ ಹೆಸರು ಹೆಪ್ಪುಗಟ್ಟಿ ನಿಂತಿದೆ.

ಸೊರಬ ಮತ್ತು ಶಿಕಾರಿಪುರಗಳ ಇತ್ತೀಚಿನ ಸಾರ್ವಜನಿಕ ಜೀವನದಲ್ಲಿ ಇದೇ ಕ್ರಿಯೆಯ ಎರಡು ಹಂತಗಳು ಅಕ್ಕಪಕ್ಕದಲ್ಲಿ ಕಾಣಸಿಗುತ್ತವೆ. ಸೊರಬ ತಾಲ್ಲೂಕಿನ ಕುಬಟೂರಿನಲ್ಲಿ 1933ರಲ್ಲಿ ಹುಟ್ಟಿ ಮುಖ್ಯಮಂತ್ರಿಯಾದ ಎಸ್. ಬಂಗಾರಪ್ಪ ಅವರ ಹೆಸರಿನ ಮೊದಲಕ್ಷರ ಸಾರೆಕೊಪ್ಪವನ್ನು ಸೂಚಿಸುವ ಊರಿನ ಗುರುತಾದರೆ, ಅವರ ಮಕ್ಕಳಾದ ಕುಮಾರ್ ಬಂಗಾರಪ್ಪ ಮತ್ತು ಮಧು ಬಂಗಾರಪ್ಪ ಅವರಲ್ಲಿ ತಂದೆಯ ಹೆಸರು ಕೊನೆಗೆ ಬಂದು ನಿಂತು ಮನೆತನದ ಹೆಸರಿನ ರೂಪ ತಾಳಿದೆ. ಶಿಕಾರಿಪುರವನ್ನು ವಿಧಾನಸಭೆಯಲ್ಲಿ ಪ್ರತಿನಿಧಿಸಿದ ಬಿ.ಎಸ್. ಯಡಿಯೂರಪ್ಪ ಅವರ ಹೆಸರಿನಲ್ಲಿ ಮಂಡ್ಯ ಜಿಲ್ಲೆಯ ಬೂಕನಕೆರೆಯೆಂಬ ಹುಟ್ಟೂರು, ಸಿದ್ಧಲಿಂಗಪ್ಪನೆಂಬ ತಂದೆ, ಸಿದ್ಧಲಿಂಗೇಶ್ವರನ ಕ್ಷೇತ್ರವಾದ ಯಡಿಯೂರು ಈ ಮೂರೂ ಒಟ್ಟುಗೂಡಿವೆ. ಅವರ ಮಕ್ಕಳು ಬಿ.ವೈ. ರಾಘವೇಂದ್ರ, ಬಿ.ವೈ. ವಿಜಯೇಂದ್ರ ಎಂದಾಗ ಊರು ಹಾಗೆಯೇ ಉಳಿದು ತಂದೆಯ ಅಕ್ಷರ ಬದಲಾಗಿದೆ. ಒಂದು ಮನೆಯಲ್ಲಿ ಹೆಸರು ಹೆಪ್ಪುಗಟ್ಟುತ್ತಿದೆ, ಇನ್ನೊಂದರಲ್ಲಿ ಇನ್ನೂ ತಲೆಮಾರಿಗೊಮ್ಮೆ ತಿರುಗುತ್ತಿದೆ. ಅರ್ಜಿಯ ನಮೂನೆಯಲ್ಲಿ ಕುಲನಾಮದ ಖಾನೆಯ ಮುಂದೆ ಪೆನ್ನು ಹಿಡಿದು ಯೋಚಿಸುವ ಮಲೆನಾಡಿನವರು ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ತುಂಬಿದಾಗ, 1828ರ ಡೆನ್ಮಾರ್ಕಿನ ರೈತನು ಮಾಡಿದ್ದನ್ನೇ ತಾವೂ ಮಾಡುತ್ತಿರುತ್ತಾರೆ.

ತಾಳಗುಂದದ ಪದ್ಯಕ್ಕೆ ಸ್ಕ್ಯಾಂಡಿನೇವಿಯಾದಲ್ಲಿ ಇದಕ್ಕಿಂತ ಹತ್ತಿರದ ಜೊತೆಯೊಂದಿದೆ. ಸ್ವೀಡನ್ನಿನ ನಿಲ್ಸ್ ಇಂಗೆಮಾರ್ಸನ್, ಎಂದರೆ ಇಂಗೆಮಾರನ ಮಗ ನಿಲ್ಸ್, ಲುಂಡ್ ವಿಶ್ವವಿದ್ಯಾಲಯವನ್ನು ಸೇರುವಾಗ ಮನೆತನದ ಹೆಸರೊಂದು ಬೇಕಾಗಿ, ತನ್ನ ಪೂರ್ವಿಕರ ನೆಲದಲ್ಲಿ ಬೆಳೆದಿದ್ದ ಭಾರಿ ಲಿಂಡೆನ್ ಮರವನ್ನು ನೆನೆದು ಲಿನೇಯಸ್ ಎಂಬ ಹೆಸರನ್ನು ಇಟ್ಟುಕೊಂಡನು. ಅದೇ ಮರದಿಂದ ಅವನ ಬಂಧುಗಳ ಬೇರೆ ಶಾಖೆಗಳು ಟಿಲಿಯಾಂಡರ್, ಲಿಂಡೇಲಿಯಸ್ ಎಂಬ ಹೆಸರುಗಳನ್ನು ಪಡೆದಿದ್ದವು. ವಿದ್ಯಾಸ್ಥಾನದ ಬಾಗಿಲಲ್ಲಿ ನಿಂತ ವಿದ್ಯಾರ್ಥಿಗೆ ಮನೆಯ ಮರ ಹೆಸರು ಕೊಟ್ಟಿತೆಂಬ ಈ ಸಂಗತಿಯು, ಘಟಿಕೆಗೆ ಹೊರಟ ಕದಂಬಕುಲದ ಮಯೂರಶರ್ಮನಿಗೆ ಸಾವಿರಕ್ಕೂ ಹೆಚ್ಚು ವರ್ಷಗಳ ಅಂತರದಲ್ಲಿ ಜೊತೆಯಾಗುತ್ತದೆ. ನಿಲ್ಸ್‌ನ ಮಗನೇ 1707ರಲ್ಲಿ ಹುಟ್ಟಿದ ಕಾರ್ಲ್ ಲಿನೇಯಸ್; ಸಸ್ಯಗಳಿಗೆ ಕುಲದ ಹೆಸರು ಮೊದಲು, ಜಾತಿಯ ಹೆಸರು ಅನಂತರ ಬರುವ ಎರಡು ಪದಗಳ ಹೆಸರಿಡುವ ಕ್ರಮವನ್ನು 1753ರ ಗ್ರಂಥದಲ್ಲಿ ನೆಲೆಗೊಳಿಸಿದವನು ಅವನು. ಮರದಿಂದ ಹೆಸರು ಪಡೆದ ಮನೆಯವನು ಮರಗಳಿಗೆ ಕುಲನಾಮಗಳನ್ನು ಹಂಚಿದನು. ಆ ಕ್ರಮದಲ್ಲಿ ಇಂದು ಕದಂಬಕ್ಕೆ ಇರುವ ಹೆಸರು ನಿಯೋಲಮಾರ್ಕಿಯಾ ಕದಂಬ. ಮೊದಲ ಪದ ಫ್ರಾನ್ಸಿನ ನಿಸರ್ಗವಿಜ್ಞಾನಿ ಲಮಾರ್ಕನ ನೆನಪಿನದು. ಮಳೆಗಾಲದಲ್ಲಿ ಚೆಂಡಿನಂತೆ ದುಂಡಗೆ, ಹೊಂಬಣ್ಣದ ಮೈತುಂಬ ಬಿಳಿಯ ಎಳೆಗಳನ್ನು ಚಾಚಿ ಅರಳುವ ಆ ಹೂವಿನ ಮರ ಒಂದು ರಾಜವಂಶಕ್ಕೆ ತನ್ನ ಹೆಸರನ್ನು ಕೊಟ್ಟು, ತನ್ನ ಕುಲನಾಮವನ್ನು ಎಂದೂ ತನ್ನನ್ನು ಆರೈಕೆ ಮಾಡದ ಒಬ್ಬ ಮನುಷ್ಯನಿಂದ ಪಡೆದುಕೊಂಡಿದೆ.

ಆರೈಕೆಯಿಂದ ಬಂದ ಹೆಸರು ಆರೈಕೆಯ ನೆನಪಾಗಿಯೇ ಬಹಳ ಕಾಲ ಉಳಿಯಲಿಲ್ಲ. 11 ಮತ್ತು 12ನೇ ಶತಮಾನಗಳ ಹೊತ್ತಿಗೆ ಗೋವೆಯ ಕದಂಬರ ಶಾಸನಗಳಲ್ಲಿ, ತ್ರಿಪುರಸಂಹಾರದ ಬಳಲಿಕೆಯಲ್ಲಿ ಶಿವನ ಹಣೆಯಿಂದ ಕದಂಬದ ಬುಡಕ್ಕೆ ಬಿದ್ದ ಬೆವರಿನ ಹನಿಯಿಂದ ಮೂರು ಕಣ್ಣಿನ ಮೂಲಪುರುಷನು ಹುಟ್ಟಿದನೆಂಬ ಕಥೆ ಬಂದಿತು. ತಾಳಗುಂದದಲ್ಲಿಯೇ ದೊರೆತ ಅನಂತರದ ಶಾಸನವು, ಮುಕ್ಕಣ್ಣ ಕದಂಬನು ಅಹಿಚ್ಛತ್ರದಿಂದ ಬ್ರಾಹ್ಮಣರನ್ನು ಕರೆತಂದು ಅಲ್ಲಿ ನೆಲೆಗೊಳಿಸಿದನೆಂದು ಹೇಳುತ್ತದೆ. ಕುಬ್ಜನ ಪದ್ಯದಲ್ಲಿ ಮರವು ಮನೆಯ ಬಳಿ ನಿಂತಿತ್ತು, ಜನ ಅದಕ್ಕೆ ಉಪಚಾರ ಮಾಡಿದರು. ಹೊಸ ಕಥೆಯಲ್ಲಿ ಮರದ ಬುಡ ಹೆರಿಗೆಯ ಜಾಗವಾಯಿತು, ಮನುಷ್ಯರ ಕೈಗೆ ಅಲ್ಲಿ ಕೆಲಸವೇ ಉಳಿಯಲಿಲ್ಲ. ಈ ಬದಲಾವಣೆಗೆ ಅಜ್ಞಾನವನ್ನು ಕಾರಣವೆಂದು ಹೇಳುವುದು ಸುಲಭವಾದರೂ ಸಾಲದು. ಆರೈಕೆಯಿಂದ ಬಂದದ್ದನ್ನು ಆರೈಕೆಯಿಂದಲೇ ಉಳಿಸಿಕೊಳ್ಳಬೇಕಾಗುತ್ತದೆ, ಅದನ್ನು ಬೇರೊಬ್ಬನೂ ಮಾಡಬಲ್ಲನು. ಹುಟ್ಟಿನಿಂದ ಬಂದದ್ದಕ್ಕೆ ಅಂಥ ಕಟ್ಟುಪಾಡಿಲ್ಲ, ಅದನ್ನು ಇತರರು ಗಳಿಸಲೂ ಆಗದು. ಅಧಿಕಾರಕ್ಕೆ ಎರಡನೆಯದೇ ಹೆಚ್ಚು ಅನುಕೂಲ.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಅದೇ ಕಾಲದಲ್ಲಿ ಹುಟ್ಟಿನ ಹಂಗಿಲ್ಲದ ವಂಶಾವಳಿಯೊಂದು ಬೆಳೆದಿತ್ತು. ಅಲ್ಲಿನ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠವು ಶೈವರ ಒಂದು ಪಂಥವಾದ ಕಾಳಾಮುಖರ ದೊಡ್ಡ ವಿದ್ಯಾಕೇಂದ್ರವಾಗಿದ್ದು, ವೇದಗಳು, ವ್ಯಾಕರಣಗಳು, ದರ್ಶನಗಳ ಅಧ್ಯಯನ ನಡೆಯುವ, ಬಡವರಿಗೂ ಅಂಗಹೀನರಿಗೂ ಅನ್ನ ದೊರೆಯುವ, ರೋಗಿಗಳಿಗೆ ಔಷಧ ಸಿಗುವ ಸ್ಥಳವೆಂದು 1162ರ ಶಾಸನ ಅದನ್ನು ಬಣ್ಣಿಸುತ್ತದೆ. ಕೇದಾರಶಕ್ತಿ, ಶ್ರೀಕಂಠ, ಸೋಮೇಶ್ವರ, ಗೌತಮ, ವಾಮಶಕ್ತಿ ಮೊದಲಾದ ಆಚಾರ್ಯರ ಈ ಪರಂಪರೆಯು ಶಕ್ತಿಪರ್ಷೆ ಎಂಬ ದೊಡ್ಡ ಗುಂಪಿನ, ಮೂವರ ಕೋಣೆಯ ಸಂತತಿ ಎಂಬ ಶಾಖೆಗೆ ಸೇರಿತ್ತು. ಸಂಸಾರವನ್ನು ಬಿಟ್ಟ ತಪಸ್ವಿಗಳು ತಮ್ಮ ಗುರುಪರಂಪರೆಯನ್ನು ಸಂತತಿ ಎಂದು ಕರೆದುಕೊಂಡದ್ದರಲ್ಲಿ ಆ ಪದದ ಅರ್ಥವೇ ಹಿಗ್ಗಿದೆ: ವಿದ್ಯೆಯನ್ನು ಕೊಟ್ಟವನು ತಂದೆ, ಪಡೆದವನು ಮಗ, ಕೆಲವರ ಹೆಸರಿನ ಕೊನೆಯ ಶಕ್ತಿ ಎಂಬ ಪದ ಮನೆತನದ ಗುರುತು.

ಬಳ್ಳಿಗಾವೆಯವನೆಂದು ಪರಂಪರೆ ಹೇಳುವ ಅಲ್ಲಮಪ್ರಭುವಿನ ವಂಶವನ್ನು ಬರೆಯುವಾಗ ಕನ್ನಡದ ಕವಿಗಳು ಇನ್ನೂ ಮುಂದೆ ಹೋದರು. 15ನೇ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಅಲ್ಲಮನ ತಂದೆ ನಿರಹಂಕಾರ, ತಾಯಿ ಸುಜ್ಞಾನಿ, ಅವನನ್ನು ಮೋಹಿಸಿದ ಮಾಯೆಯ ತಂದೆ ಬನವಸೆಯ ಅರಸ ಮಮಕಾರ, ತಾಯಿ ಮೋಹಿನಿ. ಉಡುತಡಿಯ ಮಹಾದೇವಿಯಕ್ಕನ ತಂದೆತಾಯಿಗಳಿಗೆ ನಿರ್ಮಲ, ಸುಮತಿ ಎಂಬ ಹೆಸರುಗಳು ಬಂದದ್ದೂ ಇದೇ ದೃಷ್ಟಿಯಿಂದ. ನಾನೆಂಬುದು ಅಳಿದು ಅರಿವು ಮೂಡಿದ ಎಡೆಯಲ್ಲಿ ಪ್ರಭು ಹುಟ್ಟುತ್ತಾನೆ, ನನ್ನದೆಂಬುದು ಮೋಹದೊಡನೆ ಕೂಡಿದ ಎಡೆಯಲ್ಲಿ ಮಾಯೆ ಹುಟ್ಟುತ್ತಾಳೆ ಎಂದು ಹೇಳುವ ಈ ವಂಶಾವಳಿಯು ಚರಿತ್ರೆಯ ದಾಖಲೆಯಾಗುವ ಆಸೆಯನ್ನೇ ಬಿಟ್ಟಿದೆ. ಮಮಕಾರನ ರಾಜಧಾನಿಯಾಗಿ ಕವಿ ಆರಿಸಿಕೊಂಡದ್ದು ಕದಂಬರ ಬನವಾಸಿಯನ್ನೇ ಎಂಬುದು ಉದ್ದೇಶಪೂರ್ವಕವಿರಲಿ ಇಲ್ಲದಿರಲಿ, ಕುಲದ ಹೆಮ್ಮೆಯ ಚರಿತ್ರೆಯನ್ನು ಬಲ್ಲ ಓದುಗನಿಗೆ ಅದು ಚುಚ್ಚದೆ ಬಿಡದು.

ವಚನಕಾರರು ತಮ್ಮ ನುಡಿಯ ಕೊನೆಗೆ ಇಟ್ಟ ಅಂಕಿತವು ಈ ವಿಚಾರದ ಪರ್ಯವಸಾನ. ಅಂಕಿತವೆಂದರೆ ವಚನದ ಮುಕ್ತಾಯದಲ್ಲಿ ಬರುವ, ಬರೆದವರ ಗುರುತಾಗಿ ನಿಲ್ಲುವ ದೇವರ ಹೆಸರು: ಅಲ್ಲಮನದು ಗುಹೇಶ್ವರ, ಅಕ್ಕನದು ಚೆನ್ನಮಲ್ಲಿಕಾರ್ಜುನ, ಶಿಕಾರಿಪುರ ತಾಲ್ಲೂಕಿನದೇ ಹಿರೇಜಂಬೂರಿನ ಸತ್ಯಕ್ಕನದು ಶಂಭುಜಕ್ಕೇಶ್ವರ. ತಂದೆಯೂ ಊರೂ ಗಂಡನೂ ಇರಬೇಕಾದ ಸ್ಥಾನದಲ್ಲಿ ಇಷ್ಟದೈವವನ್ನು ಇಟ್ಟ ಮೇಲೆ ಆ ಹೆಸರನ್ನು ಮಕ್ಕಳಿಗೆ ಬಿಟ್ಟುಹೋಗಲು ಬರುವುದಿಲ್ಲ. ಹೆಸರು ಅಲ್ಲಿ ಸೊತ್ತಾಗದೆ ಸಂಬೋಧನೆಯಾಗುತ್ತದೆ. ಕರೆಯುವವರು ಇರುವ ತನಕ ಅದು ಇರುತ್ತದೆ. ಆದರೂ ವಂಶದ ಹಂಬಲ ಸುಲಭವಾಗಿ ಸಾಯುವಂಥದಲ್ಲ. ಮುಂದೆ ವೀರಶೈವದ ಪಂಚಾಚಾರ್ಯ ಪರಂಪರೆಯಲ್ಲಿ ವೀರ, ನಂದಿ, ಭೃಂಗಿ, ವೃಷ, ಸ್ಕಂದ ಎಂಬ ಗೋತ್ರಗಳು ಕಾಣಿಸಿಕೊಂಡು, ಮದುವೆಯ ಮಾತುಕತೆಯಲ್ಲಿ ಯಾರವರು ಎಂಬ ಹಳೆಯ ಪ್ರಶ್ನೆ ಮತ್ತೆ ಜಾಗ ಹಿಡಿಯಿತು.

ಇಷ್ಟನ್ನು ಒಟ್ಟಿಗೆ ಇಟ್ಟು ನೋಡಿದಾಗ, ಕುಲನಾಮವು ಮೊದಲು ಒಂದು ಸಂಬಂಧದ ಹೆಸರಾಗಿ ಹುಟ್ಟುತ್ತದೆಂದೂ, ಆ ಸಂಬಂಧದ ಕೆಲಸ ನಿಂತುಹೋದ ಮೇಲೆ ಅದು ರಕ್ತದ ಹೆಸರಾಗಿ ಗಟ್ಟಿಯಾಗುತ್ತದೆಂದೂ ತೋರುತ್ತದೆ. ಮರಕ್ಕೆ ನೀರೆರೆದದ್ದು, ಗುರುವಿನ ಬಳಿ ಕಲಿತದ್ದು, ಹೊಲಮನೆಯಲ್ಲಿ ದುಡಿದದ್ದು, ದೇವರನ್ನು ಕರೆದದ್ದು ಇವೆಲ್ಲವೂ ಹೆಸರನ್ನು ಕೊಟ್ಟಿವೆ. ಇವುಗಳಲ್ಲಿ ಯಾವುದೂ ಹುಟ್ಟಿದ ಮಾತ್ರಕ್ಕೆ ಕೈಗೆ ಸಿಗುವಂಥದಲ್ಲ. ಆದ್ದರಿಂದ ಪೂರ್ವಿಕರ ಹೆಸರನ್ನು ಇಂದು ಹೊತ್ತವನು ಅವರ ರಕ್ತ ತನ್ನಲ್ಲಿ ಎಷ್ಟಿದೆಯೆಂದು ಅಳೆಯುವುದಕ್ಕಿಂತ, ಆ ಹೆಸರು ಯಾವ ಕೆಲಸದಿಂದ ಬಂದಿತೆಂದು ಹುಡುಕುವುದೇ ಹೆಚ್ಚು ಫಲಕಾರಿ. ತಾಳಗುಂದದ ಊರಿನ ಹೆಸರೇ ಸ್ಥಾನಕುಂದೂರು ಎಂಬ ಶಾಸನದ ರೂಪದಿಂದ ಸವೆದು ಸವೆದು ಇಂದಿನ ರೂಪಕ್ಕೆ ಬಂದಿದೆ. ಕದಂಬರ ರಾಜ್ಯ ಎಂದೋ ಮುಗಿದಿದೆ. ಅವರ ಹೆಸರಿನ ಬಗ್ಗೆ ಕವಿ ಕುಬ್ಜ ಬರೆದಿಟ್ಟ ಸಣ್ಣ ಸಂಗತಿ ಮಾತ್ರ ಆ ಕಂಬದ ಮೇಲೆ ಇನ್ನೂ ಓದಲು ಸಿಗುತ್ತದೆ: ಮನೆಯ ಬಳಿ ಒಂದು ಮರವಿತ್ತು, ಅದನ್ನು ನೋಡಿಕೊಳ್ಳುವವರಿದ್ದರು.